ಕಿಟಕಿಯೂ ಶಿಲುಬೆಯೂ: ಹಾಯಿಮ್ ಪೊಟೊಕ್ ಅವರ ಒಂದು ಕಾದಂಬರಿಯ ಕ್ರೈಸ್ತ ವಾಚನ

ಕನ್ನಡ ನಾಡಿನ ಕ್ರೈಸ್ತರಾದ ನಮಗೆ ಯೆಹೂದ್ಯರಷ್ಟು ಪರಿಚಿತವಾದ ಪರದೇಶದ ಜನಾಂಗ ಬೇರೊಂದಿಲ್ಲ. ಅವರ ಪಿತೃಗಳ ಹೆಸರುಗಳನ್ನು ನಮ್ಮ ಮಕ್ಕಳಿಗೆ ಇಡುತ್ತೇವೆ. ಅವರ ಕೀರ್ತನೆಗಳನ್ನೇ ನಮ್ಮ ಪ್ರಾರ್ಥನೆಗಳನ್ನಾಗಿ ಹೇಳುತ್ತೇವೆ. ಯೊರ್ದನ್ ಹೊಳೆಯ ಹೆಸರು ತುಂಗಭದ್ರೆಯ ಹೆಸರಿನಷ್ಟೇ ಸಲೀಸಾಗಿ ನಮ್ಮ ಬಾಯಿಗೆ ಬರುತ್ತದೆ. ಆದರೂ ನಮ್ಮಲ್ಲಿ ಬಹುಮಂದಿ ಜೀವಮಾನದಲ್ಲಿ ಒಬ್ಬ ಯೆಹೂದ್ಯನ ಮನೆಯ ಹೊಸ್ತಿಲನ್ನು ತುಳಿದವರಲ್ಲ. ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರೂ ಕೊಚ್ಚಿಯ ಯೆಹೂದ್ಯರೂ ನಮ್ಮ ನೆರೆಯಲ್ಲಿಯೇ ಶತಮಾನಗಳಿಂದ ಬಾಳಿದ್ದಾರೆ. 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಸಿ ಸಭಾಮಂದಿರ ಮಂಗಳೂರಿಗೆ ಅಷ್ಟೇನೂ ದೂರದಲ್ಲಿಲ್ಲ. ಆದರೆ ನಮ್ಮ ಪ್ರಸಂಗಗಳಲ್ಲಿ ಬರುವ ಯೆಹೂದ್ಯನು ಸತ್ಯವೇದದ ಪುಟಗಳಿಂದಾಚೆಗೆ ಕಾಲಿಟ್ಟವನಲ್ಲ. ಅವನಿಗೆ ಅಡುಗೆಮನೆಯಿಲ್ಲ, ಬೀದಿಯಿಲ್ಲ, ಶಾಲೆಗೆ ಹೋಗುವ ಮಕ್ಕಳಿಲ್ಲ.

ಹೀಗೆ ಮನೆಯಿಲ್ಲದೆ ಉಳಿದ ಯೆಹೂದ್ಯನಿಗೆ ನಮ್ಮ ಪ್ರಸಂಗಪೀಠಗಳು ಸಾಮಾನ್ಯವಾಗಿ ಎರಡು ವೇಷಗಳನ್ನು ತೊಡಿಸುತ್ತವೆ. ಮೊದಲನೆಯದು ಫರಿಸಾಯನ ವೇಷ: ನಿಯಮಗಳ ನೊಗದಡಿಯಲ್ಲಿ ನರಳುವವನು, ಕೃಪೆಯನ್ನು ಕಾಣದವನು, ನಮ್ಮ ಸುವಾರ್ತೆಯ ಬೆಳಕು ಇನ್ನಷ್ಟು ಬೆಳಗಲೆಂದು ಹಿಂದೆ ನಿಲ್ಲಿಸಿದ ಕತ್ತಲು. ಎರಡನೆಯದು ಪ್ರವಾದನೆಯ ಗುರುತಿನ ವೇಷ: 1948ನೆಯ ಇಸವಿಯನ್ನು ಅಂತ್ಯಕಾಲದ ಗಡಿಯಾರದ ಮುಳ್ಳಾಗಿಸಿ, ಒಂದು ಇಡೀ ಜನಾಂಗವನ್ನು ಪ್ರಕಟನೆಯ ಪುಸ್ತಕಕ್ಕೆ ಅಡಿಟಿಪ್ಪಣಿಯಾಗಿ ಓದುವುದು. ಒಂದರಲ್ಲಿ ತಿರಸ್ಕಾರವಿದೆ, ಇನ್ನೊಂದರಲ್ಲಿ ಅಭಿಮಾನವಿದೆ. ಎರಡರಲ್ಲಿಯೂ ಮನುಷ್ಯನು ಮಾತ್ರ ಕಾಣಿಸುವುದಿಲ್ಲ.

ಈ ರೋಗಕ್ಕೆ ಮದ್ದಾಗಿ ನಾವು ಇಲ್ಲಿ ಪರಿಶೀಲಿಸಲು ಬಯಸುವುದು ಒಂದು ಕಾದಂಬರಿಯನ್ನು. ಅಮೆರಿಕದ ಯೆಹೂದ್ಯ ಲೇಖಕ ಹಾಯಿಮ್ ಪೊಟೊಕ್ ಅವರು 1972ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ನನ್ನ ಹೆಸರು ಆಶೇರ್ ಲೆವ್' ಎಂಬ ಕೃತಿ ಅದು. ಕ್ರೈಸ್ತ ಓದುಗರ ಕೈಗೆ ಸಿಕ್ಕಾಗ ಅದಕ್ಕೊಂದು ವಿಚಿತ್ರ ಗತಿ ಒದಗುತ್ತದೆ. ಧರ್ಮನಿಷ್ಠ ಯೆಹೂದ್ಯ ಕುಟುಂಬದ ತರುಣನೊಬ್ಬ ಕೊನೆಗೆ ಶಿಲುಬೆಯ ಚಿತ್ರ ಬರೆಯುತ್ತಾನೆ ಎಂಬಷ್ಟು ತಿಳಿದ ಕೂಡಲೇ, ಧರ್ಮಶಾಸ್ತ್ರದ ಬಂಧನದಿಂದ ಶಿಲುಬೆಯ ಸ್ವಾತಂತ್ರ್ಯಕ್ಕೆ ನಡೆದವನ ಕಥೆ ಇದು ಎಂದು ನಾವು ಭಾವಿಸಿಬಿಡುತ್ತೇವೆ. ಆ ವಾಚನ ಎಷ್ಟು ಸುಲಭವೋ ಅಷ್ಟೇ ತಪ್ಪು ಎಂಬುದನ್ನು ತೋರಿಸುವುದು ನಮ್ಮ ಮೊದಲ ಉದ್ದೇಶ. ಜೀವಂತ ವ್ಯಕ್ತಿಯನ್ನು ಸಂಕೇತವನ್ನಾಗಿ ಮಾಡಿದಾಗ ಅದರ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯೇ ಈ ಕೃತಿಯ ಹೃದಯವೆಂದೂ, ಆ ಪ್ರಶ್ನೆ ಕ್ರೈಸ್ತ ಸಭೆಯ ಮೇಲೆಯೇ ಬಂದು ಎರಗುತ್ತದೆಂದೂ ತೋರಿಸುವುದು ಎರಡನೆಯದು.

ಲೇಖಕರು ಮತ್ತು ಕಥಾವಸ್ತು

ಪೊಟೊಕ್ ಅವರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1929ರಲ್ಲಿ, ಪೋಲೆಂಡಿನಿಂದ ವಲಸೆ ಬಂದ ತಂದೆತಾಯಿಗಳಿಗೆ ಹುಟ್ಟಿದವರು. ಕಟ್ಟುನಿಟ್ಟಾದ ಸಂಪ್ರದಾಯದ ಮನೆಯಲ್ಲಿ ಬೆಳೆದು, ಮುಂದೆ ಕನ್ಸರ್ವೇಟಿವ್ ಪಂಥದ ಜ್ಯೂಯಿಷ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಓದಿ, 1954ರಲ್ಲಿ ರಬ್ಬಿಯಾಗಿ ದೀಕ್ಷೆ ಪಡೆದರು. ಅನಂತರ ಅಮೆರಿಕದ ಸೈನ್ಯದ ಧರ್ಮಗುರುವಾಗಿ ಕೊರಿಯಾದಲ್ಲಿ ಸೇವೆ ಸಲ್ಲಿಸಿದರು. ಯೆಹೂದ್ಯರೂ ಇಲ್ಲದ, ಯೆಹೂದ್ಯದ್ವೇಷವೂ ಇಲ್ಲದ ಆ ಏಷ್ಯಾದ ನಾಡು ತಮ್ಮ ಲೋಕದೃಷ್ಟಿಯನ್ನೇ ಕಲಕಿತೆಂದು ಅವರು ಮುಂದೆ ಹೇಳಿಕೊಂಡದ್ದುಂಟು. 1967ರ 'ದ ಚೋಸನ್' ಅವರಿಗೆ ಹೆಸರು ತಂದ ಮೊದಲ ಕಾದಂಬರಿ. ಅವರು ಸ್ವತಃ ಚಿತ್ರಕಾರರೂ ಆಗಿದ್ದರು. ಆಶೇರ್ ಲೆವ್‌ನ ಕಥೆಯನ್ನು 1990ರಲ್ಲಿ ಇನ್ನೊಂದು ಕಾದಂಬರಿಯಲ್ಲಿ ಮುಂದುವರಿಸಿ, 2002ರಲ್ಲಿ ತೀರಿಕೊಂಡರು.

ಕಥೆ ನಡೆಯುವುದು ಬ್ರೂಕ್ಲಿನ್ನಿನ ಕ್ರೌನ್ ಹೈಟ್ಸ್ ಬಡಾವಣೆಯಲ್ಲಿ, ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ. ಅಲ್ಲಿಯ ಲಡೋವರ್ ಹಸೀದಿ ಸಮುದಾಯ ಲೇಖಕರ ಕಲ್ಪನೆ. ಆದರೆ ಅದೇ ಬಡಾವಣೆಯಲ್ಲಿ ನೆಲೆಯೂರಿದ ಖಬಾದ್ ಲುಬಾವಿಚ್ ಎಂಬ ನಿಜವಾದ ಹಸೀದಿ ಸಮುದಾಯವನ್ನು ಅದು ಬಹುಮಟ್ಟಿಗೆ ಹೋಲುತ್ತದೆ. ಹಸೀದಿಗಳೆಂದರೆ ಹದಿನೆಂಟನೆಯ ಶತಮಾನದಲ್ಲಿ ಪೂರ್ವ ಯೂರೋಪಿನಲ್ಲಿ ಹುಟ್ಟಿದ ಭಕ್ತಿಪಂಥದವರು. 'ರೆಬ್ಬೆ' ಎನಿಸಿಕೊಳ್ಳುವ ಗುರುವಿನ ಸುತ್ತ ಅವರ ಬದುಕು ಹೆಣೆದುಕೊಂಡಿರುತ್ತದೆ. ಆಶೇರನ ತಂದೆ ಆರ್ಯೆ ಲೆವ್ ರೆಬ್ಬೆಯ ದೂತ. ಸ್ಟಾಲಿನನ ರಷ್ಯದಿಂದ ಯೆಹೂದ್ಯರನ್ನು ಪಾರುಮಾಡುವುದಕ್ಕೂ ಹಾಳಾದ ಯೂರೋಪಿನಲ್ಲಿ ಪಾಠಶಾಲೆಗಳನ್ನು ಮತ್ತೆ ಕಟ್ಟುವುದಕ್ಕೂ ಊರೂರು ಸುತ್ತುವವನು. ತಾಯಿ ರಿವ್ಕೆಯ ಸಹೋದರ ಯಾಕೋವ್ ಇದೇ ಸೇವೆಗಾಗಿ ಪ್ರಯಾಣ ಮಾಡುತ್ತಿದ್ದಾಗ ಅಪಘಾತದಲ್ಲಿ ಸಾಯುತ್ತಾನೆ. ಆಕೆ ದೀರ್ಘಕಾಲ ಹಾಸಿಗೆ ಹಿಡಿದು, ಮೆಲ್ಲಮೆಲ್ಲನೆ ಎದ್ದು, ಸಹೋದರನು ಅರ್ಧಕ್ಕೆ ಬಿಟ್ಟ ಅಧ್ಯಯನವನ್ನು ತಾನು ಪೂರ್ಣಗೊಳಿಸಲು ಕಾಲೇಜಿಗೆ ಹೋಗುತ್ತಾಳೆ. ಅಂದಿನಿಂದ ಗಂಡ ಹೊರಟಾಗಲೆಲ್ಲ ಆಕೆ ಮನೆಯ ಮುಂದಿನ ಕಿಟಕಿಯಲ್ಲಿ ನಿಂತು ಬೀದಿಯನ್ನು ನೋಡುತ್ತ ಕಾಯುತ್ತಾಳೆ.

ಆ ಮನೆಯಲ್ಲಿ ಹುಟ್ಟಿದ ಆಶೇರನಿಗೆ ಚಿತ್ರ ಬರೆಯದೆ ಇರಲಾಗದು. ತಾಯಿಯ ಮುಖದ ನೆರಳನ್ನು ತೋರಿಸಲು ಸಿಗರೇಟಿನ ಬೂದಿಯನ್ನು ಬಳಸುವಷ್ಟು ಚಿಕ್ಕ ವಯಸ್ಸಿನಿಂದಲೇ ಅದು ಅವನನ್ನು ಹಿಡಿದಿದೆ. ಒಮ್ಮೆ ತರಗತಿಯಲ್ಲಿ ತನಗೇ ಅರಿವಿಲ್ಲದೆ ಪವಿತ್ರ ಗ್ರಂಥದ ಪುಟದ ಮೇಲೆಯೇ ರೆಬ್ಬೆಯ ಮುಖವನ್ನು ಬರೆದುಬಿಡುತ್ತಾನೆ. ಈ ಶಕ್ತಿ ದೇವರಿಂದ ಬಂದದ್ದೋ, ಹಸೀದಿಗಳು 'ಸಿತ್ರಾ ಆಖ್ರಾ' ಎಂದು ಕರೆಯುವ ಆಚೆಕಡೆಯ ಕತ್ತಲಿನಿಂದ ಬಂದದ್ದೋ ಎಂಬ ಸಂದೇಹ ತಂದೆಯನ್ನು ಕಾಡುತ್ತದೆ. ರೆಬ್ಬೆಯು ಮಾತ್ರ ಬೇರೆಯೇ ದಾರಿ ಹಿಡಿಯುತ್ತಾರೆ: ಆಚರಣೆಯನ್ನು ಬಿಟ್ಟ, ಆದರೆ ತಮ್ಮ ವಿಶ್ವಾಸಕ್ಕೆ ಪಾತ್ರನಾದ ಜೇಕಬ್ ಕಾನ್ ಎಂಬ ಯೆಹೂದ್ಯ ಕಲಾವಿದನ ಕೈಗೆ ಹುಡುಗನನ್ನು ಒಪ್ಪಿಸುತ್ತಾರೆ.

ನಿತ್ಯಾಚರಣೆಯ ಮರ್ಮ

ಕ್ರೈಸ್ತ ಓದುಗನು ಈ ಕೃತಿಯಲ್ಲಿ ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ. ಆಶೇರ್ ಲೆವ್ ಕಾದಂಬರಿಯ ಆರಂಭದಲ್ಲಿಯೇ ತಾನು ಆಚರಣೆಯನ್ನು ಪಾಲಿಸುವ ಯೆಹೂದ್ಯನೆಂದು ಹೇಳಿಕೊಳ್ಳುತ್ತಾನೆ; ಕೊನೆಯ ಪುಟದ ತನಕವೂ ಹಾಗೆಯೇ ಉಳಿಯುತ್ತಾನೆ. ಫ್ಲಾರೆನ್ಸಿನಲ್ಲಿ ಮಿಕೆಲಾಂಜೆಲೊನ ಪಿಯೆತಾ ಶಿಲ್ಪದ ಮುಂದೆ ಬೆರಗಾಗಿ ನಿಂತಾಗಲೂ, ಪ್ಯಾರಿಸಿನಲ್ಲಿ ಒಂಟಿಯಾಗಿ ಶಿಲುಬೆಯ ಚಿತ್ರ ಬರೆದಾಗಲೂ ಅವನು ತನ್ನ ಪ್ರಾರ್ಥನೆಗಳನ್ನಾಗಲಿ ಆಹಾರದ ವಿಧಿಗಳನ್ನಾಗಲಿ ಕೈಬಿಟ್ಟವನಲ್ಲ. ಸಬ್ಬತ್ ದಿನವು ಅವನಿಗೆ ಸರಪಣಿಯಾಗಿ ಎಲ್ಲಿಯೂ ಕಾಣುವುದಿಲ್ಲ. ಅವನ ಸಂಕಟಕ್ಕೆ ಕಾರಣ ಆಜ್ಞೆಗಳಲ್ಲ. ತಾನು ಪ್ರೀತಿಸುವ ಜನರು ತನ್ನ ವರವನ್ನು ಅರಿಯಲಾರರು, ತನ್ನ ವರವು ಆ ಜನರನ್ನು ನೋಯಿಸದೆ ಇರಲಾರದು ಎಂಬ ಇಕ್ಕಟ್ಟು.

ಒಂದು ಸಣ್ಣ ಸನ್ನಿವೇಶ ಇದನ್ನು ಸ್ಪಷ್ಟಪಡಿಸುತ್ತದೆ. ಹಸೀದಿ ಗಂಡಸರು ಯಾಜಕಕಾಂಡದ ವಿಧಿಯಂತೆ ಕೆನ್ನೆಯ ಪಕ್ಕದ ಕೂದಲನ್ನು ಕತ್ತರಿಸದೆ ಬಿಡುತ್ತಾರೆ. ಬೆಳೆಯುತ್ತಿರುವ ಆಶೇರ್ ಒಂದು ದಿನ ಆ ಜಡೆಗಳನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ಬಂದುದನ್ನು ಜೇಕಬ್ ಕಾನ್ ಗಮನಿಸುತ್ತಾನೆ. ಧರ್ಮದ ನಿಯಮಗಳಿಂದ ದೂರ ಸರಿದಿದ್ದ ಈ ಕಲಾವಿದ ಸಂತೋಷಪಡಬೇಕಿತ್ತಲ್ಲವೆ? ಅವನು ಶಿಷ್ಯನನ್ನು ಕೆಣಕಿ ಪ್ರಶ್ನಿಸುತ್ತಾನೆ. ನಾಚಿಕೆಯಿಂದ ಹಾಗೆ ಮಾಡಿದ್ದಾದರೆ ನೀನು ಕಲಾವಿದನಾಗಲಾರೆ ಎಂಬುದು ಅವನ ಮಾತಿನ ಧ್ವನಿ. ತಾನು ಯಾರೆಂಬುದನ್ನು ಬಚ್ಚಿಟ್ಟವನ ಕೈಯಿಂದ ಸತ್ಯವಾದ ಗೆರೆ ಮೂಡದು. ಅಸ್ಮಿತೆಯ ಕುರಿತು ಇಂದು ಬರೆಯಲಾಗುತ್ತಿರುವ ಎಷ್ಟೋ ಸಿದ್ಧಾಂತಗಳಿಗಿಂತ ಈ ಒಂದು ಪ್ರಶ್ನೆ ಹರಿತವಾಗಿದೆ.

ನಿತ್ಯಾಚರಣೆ ಎಂದರೆ ಇಲ್ಲಿ ಏನು? ಬಟ್ಟೆಯ ಮೂಲೆಗಳಿಗೆ ಗೊಂಡೆ ಕಟ್ಟಿಕೊಳ್ಳುವುದು, ಮಾಂಸದ ಪಾತ್ರೆಯನ್ನೂ ಹಾಲಿನ ಪಾತ್ರೆಯನ್ನೂ ಬೇರೆಬೇರೆ ಇಡುವುದು, ಶುಕ್ರವಾರ ಸಂಜೆ ತಾಯಿ ದೀಪ ಹಚ್ಚುವುದು, ತಂದೆ ಮೇಜಿನ ಸುತ್ತ ಹಾಡುವುದು. ಸೈಬೀರಿಯದ ಸೆರೆಯಿಂದ ಪಾರಾಗಿ ಬಂದ ಯೂಡೆಲ್ ಕ್ರಿನ್‌ಸ್ಕಿ ಎಂಬ ಕಾಗದದ ಅಂಗಡಿಯವನು ಇವೆಲ್ಲದರ ಅರ್ಥವನ್ನು ತನ್ನ ಇರುವಿಕೆಯಿಂದಲೇ ಹೇಳುತ್ತಾನೆ. ಎಲ್ಲಿ ಸಬ್ಬತ್ತನ್ನು ಆಚರಿಸುವುದು ಅಪರಾಧವಾಗಿತ್ತೋ ಅಲ್ಲಿಂದ ಬಂದವನಿಗೆ ಅದು ನೊಗವಾಗಿ ಕಂಡೀತೆ? ಅದು ಅವನಿಂದ ಕಸಿದುಕೊಂಡದ್ದು, ಮತ್ತೆ ಅವನ ಕೈಗೆ ಬಂದದ್ದು.

ಇಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನೊಂದು ನೆನಪು ಬರದಿರದು. ಈ ಕಾದಂಬರಿ ಪ್ರಕಟವಾದ ಐದು ವರ್ಷಗಳ ತರುವಾಯ, 1977ರಲ್ಲಿ, ಇ. ಪಿ. ಸ್ಯಾಂಡರ್ಸ್ ಅವರು ಪೌಲನನ್ನೂ ಪಲೆಸ್ತೀನದ ಯೆಹೂದ್ಯ ಧರ್ಮವನ್ನೂ ಕುರಿತು ಬರೆದ ತಮ್ಮ ಗ್ರಂಥದಲ್ಲಿ, ಕೃತಿಗಳಿಂದ ರಕ್ಷಣೆಯನ್ನು ಸಂಪಾದಿಸುವ ಧರ್ಮವೆಂಬ ಚಿತ್ರ ಅಂದಿನ ಯೆಹೂದ್ಯರಿಗೆ ಒಪ್ಪುವುದಿಲ್ಲವೆಂದು ವಾದಿಸಿದರು. ದೇವರು ಮೊದಲು ಕೃಪೆಯಿಂದ ಒಡಂಬಡಿಕೆಗೆ ಸೇರಿಸಿಕೊಂಡನು. ಆಜ್ಞಾಪಾಲನೆ ಆ ಒಡಂಬಡಿಕೆಯಲ್ಲಿ ಉಳಿಯುವ ರೀತಿ ಎಂಬುದು ಅವರ ಪ್ರತಿಪಾದನೆಯ ಸಾರ. ಆ ವಾದದ ವಿವರಗಳ ಬಗ್ಗೆ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಪಂಡಿತರು ಟಿಪ್ಪಣಿಗಳ ಸಹಾಯದಿಂದ ಸಾಧಿಸಲು ಹೊರಟದ್ದನ್ನು ಪೊಟೊಕ್ ಅವರು ಒಂದು ಮನೆಯ ಒಳಗನ್ನು ತೋರಿಸಿ ಕಾಣಿಸಿದರು. ನಮ್ಮ ಕರ್ತನೂ ಗೊಂಡೆಯಿದ್ದ ಉಡುಪನ್ನೇ ಧರಿಸಿದ್ದನಲ್ಲವೆ? ರಕ್ತಸ್ರಾವದ ಸ್ತ್ರೀ ಹಿಂದಿನಿಂದ ಬಂದು ಮುಟ್ಟಿದ್ದು, ಮತ್ತಾಯನ ಪ್ರಕಾರ, ಆ ಗೊಂಡೆಯನ್ನೇ.

ಕೊಡಲಿಯ ನೆರಳಿನಲ್ಲಿ ಶಿಲುಬೆ

ಆಶೇರ್ ಹುಡುಗನಾಗಿದ್ದಾಗ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ತೂಗುಹಾಕಿದ ಶಿಲುಬೆಯ ಚಿತ್ರಗಳನ್ನು ನೋಡಿ ನಕಲು ಮಾಡುತ್ತಾನೆ. ಅವನಿಗೆ ಅವು ಗೆರೆ, ಬಣ್ಣ, ದೇಹದ ಭಾರ. ಆ ನಕಲುಗಳು ತಂದೆಯ ಕಣ್ಣಿಗೆ ಬಿದ್ದಾಗ ಶಾಂತಸ್ವಭಾವದ ಆ ಮನುಷ್ಯನು ಕೋಪದಿಂದ ನಡುಗುತ್ತಾನೆ. ಈ ವ್ಯಕ್ತಿಯ ಹೆಸರಿನಲ್ಲಿ ಎಷ್ಟು ಯೆಹೂದ್ಯರ ರಕ್ತ ಹರಿದಿದೆಯೆಂಬುದು ನಿನಗೆ ಗೊತ್ತೆ ಎಂಬ ಅರ್ಥದ ಮಾತು ಅವನ ಬಾಯಿಂದ ಬರುತ್ತದೆ. ಇದು ವಾದಕ್ಕಾಗಿ ಆಡಿದ ಮಾತಲ್ಲ. ಅವನ ಸ್ವಂತ ತಂದೆಯು, ಯಾರ ಹೆಸರನ್ನು ಆಶೇರನಿಗೆ ಇಟ್ಟಿದ್ದರೋ ಅವನು, ರಷ್ಯದಲ್ಲಿ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಕುಡಿದ ರೈತನೊಬ್ಬನ ಕೊಡಲಿಗೆ ಬಲಿಯಾದವನು.

ಈ ಪುಟವನ್ನು ದಾಟಿ ಮುಂದಕ್ಕೆ ಹೋಗಲು ಕ್ರೈಸ್ತ ಓದುಗನು ಅವಸರಪಡಬಾರದು. ನಮಗೆ ಈಸ್ಟರಿನ ಹಿಂದಿನ ರಾತ್ರಿ ಎಂದರೆ ಮೌನ, ನಿರೀಕ್ಷೆ, ಮೊಂಬತ್ತಿಯ ಬೆಳಕು. ಪೂರ್ವ ಯೂರೋಪಿನ ಯೆಹೂದ್ಯ ಮನೆಗಳಿಗೆ ಆ ವಾರವೆಂದರೆ ಬಾಗಿಲು ಭದ್ರಪಡಿಸಿಕೊಳ್ಳುವ ಕಾಲ. 1903ರಲ್ಲಿ ಕಿಶಿನೇವ್ ಪಟ್ಟಣದ ಯೆಹೂದ್ಯರ ಮೇಲೆ ಹತ್ಯಾಕಾಂಡ ನಡೆದದ್ದೂ ಈಸ್ಟರಿನ ದಿನಗಳಲ್ಲಿಯೇ. ಕ್ರಿಸ್ತನ ಶ್ರಮೆಗೆ ಎಲ್ಲ ಕಾಲದ ಎಲ್ಲ ಯೆಹೂದ್ಯರನ್ನು ಹೊಣೆಮಾಡಲಾಗದೆಂದು ರೋಮಿನ ಸಭೆಯು ಎರಡನೆಯ ವ್ಯಾಟಿಕನ್ ಮಹಾಸಭೆಯ ಮೂಲಕ ಸ್ಪಷ್ಟವಾಗಿ ಸಾರಿದ್ದು 1965ರಲ್ಲಿ. ಆಶೇರ್ ಲೆವ್‌ನ ಕಥೆ ಅಚ್ಚಾಗುವುದಕ್ಕೆ ಏಳು ವರ್ಷ ಮೊದಲು ಮಾತ್ರ. ಕೊಡಲಿ ಹಿಡಿದ ರೈತನು ಸುವಾರ್ತೆಯನ್ನು ತಪ್ಪಾಗಿ ಕೇಳಿಸಿಕೊಂಡಿದ್ದನೆಂದು ನಾವು ಹೇಳಬಹುದು. ಅವನಿಗೆ ಅದನ್ನು ಹಾಗೆ ಕೇಳಿಸಿದವರು ಯಾರು ಎಂಬ ಪ್ರಶ್ನೆಗೆ ಪ್ರಸಂಗಪೀಠವೇ ಉತ್ತರ ಕೊಡಬೇಕು.

ಇಷ್ಟು ನೆರಳನ್ನು ಹಿಂದಿಟ್ಟುಕೊಂಡು ಆಶೇರ್ ಪ್ಯಾರಿಸಿನಲ್ಲಿ ತನ್ನ ಎರಡು 'ಬ್ರೂಕ್ಲಿನ್ ಶಿಲುಬೆ' ಚಿತ್ರಗಳನ್ನು ಬರೆಯುತ್ತಾನೆ. ಅವುಗಳಲ್ಲಿ ಯೇಸುವಿಲ್ಲ. ಮನೆಯ ಮುಂದಿನ ಕಿಟಕಿಯ ಉದ್ದಗೆರೆಗೂ ಅಡ್ಡಗೆರೆಗೂ, ಕಿಟಕಿಯ ಪರದೆಯ ದಾರಗಳಿಂದ ಕಟ್ಟಲ್ಪಟ್ಟು ನಿಂತವಳು ಅವನ ತಾಯಿ. ಒಂದು ಪಕ್ಕದಲ್ಲಿ ಪ್ರಯಾಣದ ಪೆಟ್ಟಿಗೆ ಹಿಡಿದ ತಂದೆ, ಇನ್ನೊಂದು ಪಕ್ಕದಲ್ಲಿ ಕುಂಚ ಹಿಡಿದ ಮಗ. ಗಂಡನಿಗಾಗಿ ಕಾದು, ಮಗನಿಗಾಗಿ ಕಾದು, ಇಬ್ಬರ ನಡುವೆ ಸೀಳಿಹೋದ ಒಬ್ಬ ಹೆಂಗಸಿನ ಜೀವಮಾನದ ಯಾತನೆಯನ್ನು ಹೇಳಲು ಅವನು ಆ ಆಕಾರವನ್ನು ಎರವಲು ತರುತ್ತಾನೆ. ತನ್ನ ಧಾರ್ಮಿಕ ಪರಂಪರೆಯಲ್ಲಿ ಪರಮ ಯಾತನೆಯನ್ನು ತುಂಬಿಡುವಂಥ ಕಲಾರೂಪ ತನಗೆ ಸಿಗಲಿಲ್ಲವೆಂಬುದೇ ಅವನು ಕೊಡುವ ಕಾರಣ. ಅವನಿಗೆ ಅಲ್ಲಿ ರಕ್ಷಣೆಯ ಪ್ರಶ್ನೆಯೇ ಇಲ್ಲ. ಹೀಗಿರಲು ಈ ಚಿತ್ರವನ್ನು ಯೆಹೂದ್ಯನೊಬ್ಬನ ಅರ್ಧ ಮತಾಂತರವೆಂದು ಓದುವ ಕ್ರೈಸ್ತನು, ಕಿಟಕಿಯಲ್ಲಿ ನಿಂತ ಹೆಂಗಸನ್ನು ನೋಡದೆ ಚೌಕಟ್ಟನ್ನು ಮಾತ್ರ ನೋಡಿದವನು.

ಕೃತಿಯ ಮಿತಿಗಳು

ಕೃತಿಯ ಗುಣವನ್ನು ಒಪ್ಪಿದ ಮೇಲೆ ಅದರ ದೋಷಗಳನ್ನೂ ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಮೊದಲನೆಯದಾಗಿ, ಯೆಹೂದ್ಯ ಪರಂಪರೆಯಲ್ಲಿ ಯಾತನೆಗೆ ರೂಪವಿಲ್ಲವೆಂಬ ಆಶೇರನ ಮಾತನ್ನು ನಾವು ಹಾಗೆಯೇ ಒಪ್ಪಲಾರೆವು. ತನ್ನ ಮಕ್ಕಳಿಗಾಗಿ ಅತ್ತು ಸಮಾಧಾನ ಹೊಂದದ ರಾಹೇಲಳು ಯೆರೆಮೀಯನ ಮೂವತ್ತೊಂದನೆಯ ಅಧ್ಯಾಯದಲ್ಲಿದ್ದಾಳೆ; ಅವಳಿಗಿಂತ ರಿವ್ಕೆಗೆ ಹತ್ತಿರದವಳು ಇನ್ನಾರು? ದೇವಾಲಯದ ನಾಶವನ್ನು ನೆನೆಯುವ ಉಪವಾಸದಂದು ಇಂದಿಗೂ ಸಭಾಮಂದಿರಗಳಲ್ಲಿ ಪ್ರಲಾಪಗಳನ್ನು ಓದುತ್ತಾರೆ. ಯೆಹೂದ್ಯರ ಹೊಸ ವರ್ಷದ ಎರಡನೆಯ ದಿನ ಇಸಾಕನನ್ನು ಬಲಿಪೀಠದ ಮೇಲೆ ಕಟ್ಟಿದ ಕಥೆಯನ್ನು ಓದುತ್ತಾರೆ. ಕಟ್ಟುವಿಕೆ ಎಂಬ ಹೆಸರಿನಿಂದಲೇ ಆ ಕಥೆಯನ್ನು ಗುರುತಿಸುತ್ತಾರೆ. ದಾರಗಳಿಂದ ಕಟ್ಟಲ್ಪಟ್ಟ ತಾಯಿಯ ಚಿತ್ರಕ್ಕೆ ಇದು ಎಷ್ಟು ಸಮೀಪದ ಮೂಲವಾಗಬಹುದಿತ್ತು!

ಇವೆಲ್ಲ ವಾಕ್ಯರೂಪಗಳು, ಚಿತ್ರರೂಪಗಳಲ್ಲ ಎಂದು ಲೇಖಕರ ಪರವಾಗಿ ಉತ್ತರಿಸಬಹುದು. ಆ ಉತ್ತರದಲ್ಲಿ ಬಲವಿದೆ, ಆದರೆ ಅದು ಸಂಪೂರ್ಣವಲ್ಲ. ಸಿರಿಯದ ದೂರಾ ಯೂರೋಪೊಸ್‌ನಲ್ಲಿ 1932ರಲ್ಲಿ ಬೆಳಕಿಗೆ ಬಂದ ಮೂರನೆಯ ಶತಮಾನದ ಸಭಾಮಂದಿರದ ಗೋಡೆಗಳ ತುಂಬ ಸತ್ಯವೇದದ ದೃಶ್ಯಗಳ ಚಿತ್ರಗಳಿದ್ದವು. ಹದಿನಾಲ್ಕನೆಯ ಶತಮಾನದ ಸರಯೇವೊ ಹಗ್ಗಾದಾ ಎಂಬ ಪಸ್ಕಹಬ್ಬದ ಕೈಬರಹದ ಪುಸ್ತಕದಲ್ಲಿ ಸೃಷ್ಟಿಯಿಂದ ಮೊದಲ್ಗೊಂಡ ಚಿತ್ರಮಾಲೆಯೇ ಇದೆ. ವಿಮೋಚನಕಾಂಡದ ಎರಡನೆಯ ಆಜ್ಞೆಯನ್ನು ಯೆಹೂದ್ಯರು ಎಲ್ಲ ಕಾಲದಲ್ಲಿಯೂ ಒಂದೇ ರೀತಿಯಲ್ಲಿ ಅರ್ಥಮಾಡಿಕೊಂಡವರಲ್ಲ. ಶಿಲುಬೆಯ ವಿಷಯದಲ್ಲಿಯೂ ಆಶೇರನಿಗೆ ಹಿರಿಯನೊಬ್ಬನಿದ್ದ. ಮಾರ್ಕ್ ಶಗಾಲ್ 1938ರಲ್ಲಿ ಬರೆದ 'ಬಿಳಿಯ ಶಿಲುಬೆ' ಚಿತ್ರದಲ್ಲಿ ಯೇಸುವಿನ ಸೊಂಟದ ವಸ್ತ್ರ ಯೆಹೂದ್ಯರ ಪ್ರಾರ್ಥನೆಯ ಶಾಲು. ಸುತ್ತಲೂ ಉರಿಯುವ ಸಭಾಮಂದಿರ, ಓಡುವ ಜನ. ಅಲ್ಲಿ ಶಿಲುಬೆಯು ಎರವಲು ತಂದ ಆಕಾರವಲ್ಲ; ನಮ್ಮವನೇ ಆದ ಒಬ್ಬನನ್ನು ಕೊಂದ ಮರವೆಂದು ಯೆಹೂದ್ಯನು ಅದನ್ನು ಮರಳಿ ಕೇಳುತ್ತಿದ್ದಾನೆ. ಆಶೇರನ ಬಡತನವು ಪರಂಪರೆಯ ಬಡತನಕ್ಕಿಂತ ಹೆಚ್ಚಾಗಿ, ಲೇಖಕರು ಅವನ ಸುತ್ತ ಕಟ್ಟಿದ ಬೇಲಿಯ ಫಲ.

ಎರಡನೆಯದಾಗಿ, ಕಾದಂಬರಿಯಲ್ಲಿ ಕ್ರೈಸ್ತನು ಮುಖ್ಯವಾಗಿ ಕೊಡಲಿಯಾಗಿಯೂ ಕಲಾಕೃತಿಯಾಗಿಯೂ ಬರುತ್ತಾನೆ. ಪಕ್ಕದ ಮನೆಯ ಮನುಷ್ಯನಾಗಿ ಬರುವುದು ಅಪರೂಪ. ನಮಗೆ ಇದು ನೋವಾಗಬಹುದು. ಆದರೆ ನಮ್ಮ ಪ್ರಸಂಗಗಳಲ್ಲಿ ಯೆಹೂದ್ಯನಿಗೆ ಸಿಕ್ಕುವ ಸ್ಥಾನಕ್ಕಿಂತ ಇದು ಕಡಿಮೆಯದೇನೂ ಅಲ್ಲ.

ಮೂರನೆಯದಾಗಿ, ಈ ಕೃತಿಯೊಂದನ್ನೇ ಓದಿ ಯೆಹೂದ್ಯರೆಂದರೆ ಇವರೇ ಎಂದುಕೊಂಡರೆ ಮತ್ತೆ ಎಡವುತ್ತೇವೆ. ಹಸೀದಿಗಳು ಇಂದಿನ ಯೆಹೂದ್ಯರಲ್ಲಿ ಒಂದು ಪಾಲು ಮಾತ್ರ. ರಿಫಾರ್ಮ್, ಕನ್ಸರ್ವೇಟಿವ್ ಪಂಥಗಳವರಿದ್ದಾರೆ. ದೇವರನ್ನು ನಂಬದೆಯೂ ಪಸ್ಕದ ಊಟವನ್ನು ತಪ್ಪಿಸದವರಿದ್ದಾರೆ. ಮರಾಠಿಯಲ್ಲಿ ಮಾತಾಡುತ್ತ ಪ್ರವಾದಿ ಎಲೀಯನನ್ನು ವಿಶೇಷ ಭಕ್ತಿಯಿಂದ ಸ್ಮರಿಸುವ ಬೆನೆ ಇಸ್ರಾಯೇಲರಿದ್ದಾರೆ. ಪೊಟೊಕ್ ಅವರೇ ತಾವು ಚಿತ್ರಿಸಿದ ಲೋಕದಿಂದ ಹೊರಗೆ ನಿಂತು ಬರೆದವರು.

ಆಶೇರನ ತಪ್ಪು, ನಮ್ಮ ತಪ್ಪು

ಈಗ ಮೊದಲು ಎತ್ತಿದ ಪ್ರಶ್ನೆಗೆ ಮರಳೋಣ. ಚಿತ್ರಗಳ ಪ್ರದರ್ಶನಕ್ಕೆ ತಂದೆತಾಯಿ ಬರುತ್ತಾರೆ. ತಮ್ಮ ಮಗನ ಕೀರ್ತಿಯನ್ನು ನೋಡಲೆಂದು ಬಂದ ರಿವ್ಕೆ, ನೆರೆದ ಜನರ ನಡುವೆ, ತನ್ನನ್ನೇ ಶಿಲುಬೆಯ ಮೇಲೆ ಕಾಣುತ್ತಾಳೆ. ಆಕೆಯನ್ನು ಆ ಮನೆಯಲ್ಲಿ ಆಶೇರನಷ್ಟು ಆಳವಾಗಿ ಅರಿತವರಿಲ್ಲ; ಅವಳ ಕಾಯುವಿಕೆಯಲ್ಲಿ ಯಾತನೆಯನ್ನು ಕಂಡ ಕಣ್ಣು ಅವನೊಬ್ಬನದೇ. ಚಿತ್ರ ಸುಳ್ಳಲ್ಲ. ಆದರೂ ಅವಳ ನೋವಿಗೆ ಅವನು ತೊಡಿಸಿದ ರೂಪವು ಅವಳ ಮಾವನನ್ನು ಕೊಂದ ಲೋಕದ ರೂಪ. ಅವಳನ್ನು ಕೇಳದೆ, ಅವಳಿಗಾಗಿ, ಅವಳ ಮೇಲಿನ ಪ್ರೀತಿಯಿಂದಲೇ ಅವನು ಅವಳನ್ನು ಸಂಕೇತವಾಗಿಸಿದ. ರೆಬ್ಬೆಯು ಅವನನ್ನು ಶಪಿಸುವುದಿಲ್ಲ. ಊರು ಬಿಟ್ಟು ದೂರ ಹೋಗೆಂದು ದುಃಖದಿಂದ ಹೇಳುತ್ತಾರೆ. ಸತ್ಯ ಹೇಳಿದವನೂ ನೋಯಿಸಿದವನೂ ಒಬ್ಬನೇ ಎಂಬುದನ್ನು ಕಾದಂಬರಿ ಕೊನೆಯವರೆಗೂ ಬಿಡಿಸದೆ ಹಾಗೆಯೇ ಹಿಡಿದಿಡುತ್ತದೆ. ಅದರ ಶ್ರೇಷ್ಠತೆ ಇರುವುದು ಅಲ್ಲಿ.

ಆಶೇರ್ ತಾಯಿಗೆ ಮಾಡಿದ್ದನ್ನು ಸಭೆಯು ಯೆಹೂದ್ಯ ಜನಾಂಗಕ್ಕೆ ಮಾಡಿದೆಯೆಂಬುದು ನಮ್ಮ ಅಭಿಪ್ರಾಯ. ವ್ಯತ್ಯಾಸವಿಷ್ಟೆ: ಆಶೇರನಿಗೆ ತಾಯಿಯ ಮೇಲೆ ಪ್ರೀತಿಯಿತ್ತು, ನಮಗೆ ಅನೇಕ ಸಲ ಅದೂ ಇರಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ಬರುವ 'ಯೆಹೂದ್ಯರು' ಎಂಬ ಪದವನ್ನು ಶುಭಶುಕ್ರವಾರದ ಪ್ರಸಂಗದಲ್ಲಿ ವಿವರಣೆಯಿಲ್ಲದೆ ಬಿಟ್ಟಾಗ, ಯೇಸುವೂ ಅವನ ತಾಯಿಯೂ ಶಿಲುಬೆಯ ಬಳಿ ನಿಂತ ಸ್ತ್ರೀಯರೂ ಯೆಹೂದ್ಯರೇ ಎಂಬುದು ಮರೆಯಾಗುತ್ತದೆ. ಫರಿಸಾಯನೆಂಬ ಹೆಸರನ್ನು ಕಪಟಿಯೆಂಬ ಅರ್ಥಕ್ಕೆ ಬಳಸಿದಾಗ, ಇಂದಿನ ಯೆಹೂದ್ಯರ ರಬ್ಬಿಗಳು ತಮ್ಮ ಪರಂಪರೆಯ ಮೂಲವನ್ನು ಆ ಫರಿಸಾಯರಲ್ಲಿಯೇ ಕಾಣುತ್ತಾರೆಂಬುದು ಮರೆಯಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂಬತ್ತರಿಂದ ಹನ್ನೊಂದನೆಯ ಅಧ್ಯಾಯಗಳಲ್ಲಿ ಅಪೊಸ್ತಲನು ಕಣ್ಣೀರಿನಿಂದ ಬರೆದ ಮಾತುಗಳು ನಮ್ಮ ಗಡಿಯಾರದ ಲೆಕ್ಕಾಚಾರದಲ್ಲಿ ಒಣಗಿಹೋಗುತ್ತವೆ.

ಭಾರತದಲ್ಲಿ ಯೆಹೂದ್ಯದ್ವೇಷದ ಇತಿಹಾಸವಿಲ್ಲವಲ್ಲ, ನಮಗೇಕೆ ಈ ಹೊರೆ ಎಂದು ಕೆಲವರು ಕೇಳುತ್ತಾರೆ. ಹೌದು, ಆ ರಕ್ತ ನಮ್ಮ ಕೈಗಳ ಮೇಲಿಲ್ಲ. ಆದರೆ ಆ ಭಾಷೆಯನ್ನು ನಾವು ಸುವಾರ್ತೆಯ ಜೊತೆಗೇ ಆಮದು ಮಾಡಿಕೊಂಡೆವು. ಹಡಗಿನಿಂದ ಇಳಿದ ಪೆಟ್ಟಿಗೆಯಲ್ಲಿ ಏನೇನಿತ್ತೆಂದು ನೋಡುವ ಹೊಣೆ ನಮ್ಮದೇ. ಇನ್ನೊಂದು ಕಾರಣ ಇನ್ನೂ ಹತ್ತಿರದ್ದು. ಈ ದೇಶದಲ್ಲಿ ನಾವು ಅಲ್ಪಸಂಖ್ಯಾತರು. ನಮ್ಮ ಅಡುಗೆಮನೆಯನ್ನೂ ನಮ್ಮ ಮಕ್ಕಳ ಓದನ್ನೂ ನಮ್ಮ ಸ್ಮಶಾನದ ಜಗಳಗಳನ್ನೂ ಎಂದೂ ಕಾಣದವರು ನಮ್ಮನ್ನು ಪರದೇಶದ ಧರ್ಮದವರೆಂದೋ ಮತಾಂತರದ ಯಂತ್ರವೆಂದೋ ಒಂದೇ ಪದದಲ್ಲಿ ಮುಗಿಸಿಬಿಟ್ಟಾಗ ಎದೆಗೆ ತಗಲುವ ನೋವನ್ನು ನಾವು ಬಲ್ಲೆವು. ಹೊಗಳುವವರು ಸಹ, ಕ್ರೈಸ್ತರೆಂದರೆ ಶಾಲೆ ಆಸ್ಪತ್ರೆಗಳೆಂದು ಹೇಳಿ ನಮ್ಮನ್ನು ಇನ್ನೊಂದು ಚೌಕಟ್ಟಿಗೆ ಕಟ್ಟುತ್ತಾರೆ. ಹಾಗೆ ಕಟ್ಟಿಸಿಕೊಂಡವರು ಇನ್ನೊಬ್ಬರನ್ನು ಕಟ್ಟುವ ಮುನ್ನ ಕೈತಡೆಯಬೇಕಲ್ಲವೆ?

ಆದುದರಿಂದ ನಮ್ಮ ಸೆಮಿನರಿಗಳ ವಿದ್ಯಾರ್ಥಿಗಳು ಈ ಕಾದಂಬರಿಯನ್ನು ಓದಬೇಕೆಂದು ನಾವು ಒತ್ತಾಯಿಸುತ್ತೇವೆ. ಪ್ರಸಂಗಕ್ಕೆ ದೃಷ್ಟಾಂತ ಹುಡುಕುವುದಕ್ಕಾಗಿ ಮಾತ್ರ ಬೇಡ. ಶ್ರಮೆಯ ವಾರಕ್ಕೆ ಮುನ್ನ ಓದಿ, ತಾವು ಸಿದ್ಧಪಡಿಸಿದ ಪ್ರಸಂಗವನ್ನು ಆರ್ಯೆ ಲೆವ್ ಕೊನೆಯ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದಾನೆಂದು ಭಾವಿಸಿ ಮತ್ತೊಮ್ಮೆ ನೋಡಲಿ. ಅದರಿಂದ ಶಿಲುಬೆಯ ಸಾರೋಣ ದುರ್ಬಲವಾಗುವುದಿಲ್ಲ. ಶಿಲುಬೆಯ ಮೇಲೆ ಸತ್ತವನು ಗೊಂಡೆ ಕಟ್ಟಿದ ಉಡುಪಿನ ಯೆಹೂದ್ಯನೆಂಬುದನ್ನು ಜ್ಞಾಪಿಸಿಕೊಂಡ ಸಾರೋಣವು ಇನ್ನಷ್ಟು ಸತ್ಯಕ್ಕೆ ಹತ್ತಿರವಾಗುತ್ತದೆ.

ಕಾದಂಬರಿಯ ಕೊನೆಯಲ್ಲಿ ಆಶೇರ್ ಊರು ಬಿಟ್ಟು ಹೊರಡುತ್ತಾನೆ. ಬೀದಿಯಿಂದ ತಿರುಗಿ ನೋಡಿದಾಗ, ಅದೇ ಕಿಟಕಿಯಲ್ಲಿ ತಂದೆಯೂ ತಾಯಿಯೂ ನಿಂತು ಅವನನ್ನೇ ನೋಡುತ್ತಿರುತ್ತಾರೆ. ಚೌಕಟ್ಟು ಅದೇ, ಗೆರೆಗಳು ಅವೇ. ಆದರೆ ಈ ಸಲ ಅಲ್ಲಿ ಯಾರನ್ನೂ ಕಟ್ಟಿಲ್ಲ. ದೂರ ಹೋಗುವ ಮಗನಿಗಾಗಿ ನಿಂತ ಇಬ್ಬರು ವಯಸ್ಸಾದ ಮನುಷ್ಯರು, ಅಷ್ಟೆ. ಅವರನ್ನು ಹಾಗೆಯೇ ನೋಡಲು ಕಲಿಯುವುದು ನಮ್ಮ ಸಭೆಗಳಿಗೆ ಇನ್ನೂ ಬಾಕಿಯಿರುವ ಪಾಠ.